ಕೆಂಪು ದೀಪ ಯಾರಿಗೆ? (ಸಿಗ್ನಲ್ ಕಥೆ, 9 ಕಂತು)

1/9
ಈ ಸಲ ರಾಜರ ಕಥೆ ಅಲ್ಲ, ಯುದ್ಧದ ಕಥೆನೂ ಅಲ್ಲ ಗೆಳೆಯರೇ. ನೀವು ದಿನಾ ಕಾಯೋ, ಬೈಕೊಳ್ಳೋ, ಯಾರೂ ನೋಡದಿದ್ರೆ ದಾಟಿಬಿಡೋ ಆ ಮೂರು ದೀಪದ ಕಥೆ. ಇದನ್ನ ಬರೀಬೇಕು ಅನ್ಸಿದ್ದು ಯಾಕೆ ಅಂತ ಮೊದಲು ಹೇಳ್ತೀನಿ.

ಕಳೆದ ಸೆಮ್‌ನಲ್ಲಿ ಇಂಟರ್ನಲ್ಸ್ ದಿನ. ಕಾಸ್ಟ್ ಅಕೌಂಟಿಂಗ್ ಪೇಪರ್. ಅಮ್ಮನ ಸ್ಕೂಟರ್ ತಗೊಂಡು ಹೊರಟಿದ್ದೆ, ಲೇಟಾಗಿತ್ತು. ಕಾಲೇಜಿಗೆ ಹತ್ತಿರದ ಸರ್ಕಲ್‌ನಲ್ಲಿ ಕೆಂಪು ಬಿತ್ತು. ನಾನು ಎಡಕ್ಕೆ ತಿರುಗಬೇಕಿತ್ತು. ನಿಂತೆ. ಹಿಂದೆ ಒಂದು ಆಟೋ, ಎರಡು ಬೈಕು. ಮೂರೂ ಸೇರಿ ಹಾರನ್. "ಹೋಗ್ರೀ, ಲೆಫ್ಟ್ ಫ್ರೀ ಅಲ್ವಾ!" ಅಂತ ಆಟೋದವರು ಕೂಗಿದ್ರು. ಫ್ರೀ ಲೆಫ್ಟ್ ಅಂತ ಬೋರ್ಡ್ ಇದೆಯಾ ಇಲ್ವಾ ಅಂತ ನಾನು ನೋಡ್ಲೂ ಇಲ್ಲ. ಮರ್ಯಾದೆಗೆ ಅಂಜಿ ಆಕ್ಸಿಲರೇಟರ್ ತಿರುಗಿಸಿಬಿಟ್ಟೆ.

ಜೀಬ್ರಾ ಮೇಲೆ ಹೂವಿನ ಬುಟ್ಟಿ ಹೊತ್ತ ಅಜ್ಜಿ ಒಬ್ಬರು ಆಗ ತಾನೇ ಕಾಲಿಟ್ಟಿದ್ರು. ಬ್ರೇಕ್ ಹಿಡಿದೆ. ಅವರಿಗೆ ತಾಗಲಿಲ್ಲ, ಬುಟ್ಟಿಗೆ ತಾಗಿತು. ಸೇವಂತಿಗೆ ಮಾಲೆ ರಸ್ತೆ ತುಂಬಾ. ಅಜ್ಜಿ ಬೈಯಲಿಲ್ಲ. ಹೂವು ಎತ್ತಿಕೊಳ್ತಾ ಒಂದೇ ಮಾತು ಹೇಳಿದ್ರು: "ಕೆಂಪು ಬಿದ್ದಿದೆ ಅಂತ ನೋಡ್ಕೊಂಡೇ ಕಾಲಿಟ್ಟೆ ಕಣಪ್ಪಾ."

ಬೈದಿದ್ರೆ ಮರ್ತೋಗ್ತಿತ್ತೇನೋ. ಈ ಮಾತು ಮಾತ್ರ ಹೋಗ್ಲೇ ಇಲ್ಲ.

ಯೋಚನೆ ಮಾಡಿ. ದೀಪ ಒಂದೇ. ಅಜ್ಜಿಗೆ ಅದು "ಈಗ ದಾಟು" ಅಂತ ಹೇಳ್ತು. ಆಟೋದವರಿಗೆ "ಇದು ನಮಗಲ್ಲ" ಅಂತ. ನನಗೆ ಏನು ಹೇಳ್ತು ಅಂತ ನನಗೇ ಗೊತ್ತಿರ್ಲಿಲ್ಲ, ಜೇಬಲ್ಲಿ ಲೈಸೆನ್ಸ್ ಇದ್ದೂ! ಸಂಜೆ ಕ್ಲಾಸ್ ಗ್ರೂಪಲ್ಲಿ ಕೇಳಿದೆ: ಕೆಂಪಿದ್ದಾಗ ಎಡಕ್ಕೆ ಹೋಗಬಹುದಾ? ಅರ್ಧ ಜನ ಹೌದು ಅಂದ್ರು, ಅರ್ಧ ಜನ ಇಲ್ಲ ಅಂದ್ರು, ಒಬ್ಬ "ಪೊಲೀಸ್ ಇಲ್ಲದಿದ್ರೆ ಹೋಗಬಹುದು" ಅಂದ. ಹಾಗಾದ್ರೆ ಈ ದೀಪಾನ ಮೊದಲು ಯಾರಿಗೋಸ್ಕರ ಹಚ್ಚಿದ್ರು? ಅಲ್ಲಿಂದಲೇ ಹುಡುಕೋಕೆ ಶುರು ಮಾಡಿದೆ.

2/9
1868ರ ಡಿಸೆಂಬರ್, ಲಂಡನ್. ಕಾರು ಇನ್ನೂ ಹುಟ್ಟೇ ಇಲ್ಲ. ಆದ್ರೆ ಟ್ರಾಫಿಕ್ ಜಾಮ್ ಹುಟ್ಟಿತ್ತು. ಕುದುರೆ ಗಾಡಿ, ಸಾರೋಟು, ಸಾಮಾನು ಗಾಡಿ ಎಲ್ಲಾ ಪಾರ್ಲಿಮೆಂಟ್ ಭವನದ ಎದುರು ಸಿಕ್ಕಾಪಟ್ಟೆ. ನಡೆದು ದಾಟೋರಿಗೆ ಜೀವ ಕೈಯಲ್ಲಿ ಹಿಡ್ಕೊಂಡೇ ಓಡಬೇಕಾದ ಪರಿಸ್ಥಿತಿ.

ಜಾನ್ ಪೀಕ್ ನೈಟ್ ಅನ್ನೋರು ರೈಲ್ವೆಯಲ್ಲಿ ಕೆಲಸ ಮಾಡ್ತಿದ್ರು. ರೈಲಿಗೆ ಕೈಮರ ಇದೆಯಲ್ಲ, ಅದನ್ನೇ ರಸ್ತೆಗೆ ತಂದ್ರೆ ಹೇಗೆ ಅಂದ್ರು ಅವರು. ಗ್ರೇಟ್ ಜಾರ್ಜ್ ಸ್ಟ್ರೀಟ್ ಮತ್ತು ಬ್ರಿಡ್ಜ್ ಸ್ಟ್ರೀಟ್ ಸೇರೋ ಜಾಗದಲ್ಲಿ ಎತ್ತರದ ಕಂಬ ನಿಲ್ಲಿಸಿದ್ರು. ಹಗಲು ಹೊತ್ತು ಕಂಬದ ತೋಳು ನೆಟ್ಟಗೆ ಅಡ್ಡ ಚಾಚಿದ್ರೆ ನಿಲ್ಲು, ಓರೆಯಾಗಿ ಇಳಿದ್ರೆ ಎಚ್ಚರಿಕೆಯಿಂದ ಹೋಗು. ರಾತ್ರಿ ಗ್ಯಾಸ್ ದೀಪ, ಕೆಂಪು ಮತ್ತು ಹಸಿರು. ಕೆಳಗೆ ಒಬ್ಬ ಪೊಲೀಸ್ ನಿಂತು ಎಲ್ಲಾನೂ ಕೈಯಲ್ಲೇ ತಿರುಗಿಸಬೇಕು.

ಈಗ ಮುಖ್ಯ ವಿಷಯಕ್ಕೆ ಬನ್ನಿ. ಆ ಸಿಗ್ನಲ್ ಬಗ್ಗೆ ಪೊಲೀಸರು ಜನಕ್ಕೆ ಕೊಟ್ಟ ಸೂಚನೆಯ ಸಾರ ಏನು ಗೊತ್ತಾ? ವಾಹನಗಳನ್ನ ನಿಲ್ಲಿಸೋದು ನಡೆದು ಹೋಗೋರು ದಾಟೋದಕ್ಕೆ. ಎಚ್ಚರಿಕೆ ದೀಪ ಇದ್ದಾಗಲೂ ಕಾಲ್ನಡಿಗೆಯವರ ಸುರಕ್ಷತೆ ಗಮನದಲ್ಲಿ ಇಟ್ಕೊಂಡೇ ಹೋಗಬೇಕು. ಅಂದ್ರೆ ಪ್ರಪಂಚದ ಮೊದಲ ಟ್ರಾಫಿಕ್ ಸಿಗ್ನಲ್‌ನ ಕೆಂಪು ದೀಪ ಹಚ್ಚಿದ್ದು ಗಾಡಿಯವರ ಅನುಕೂಲಕ್ಕಲ್ಲ, ಅಜ್ಜಿಯಂಥವರಿಗೆ!

ಅದರ ಆಯಸ್ಸು ಜಾಸ್ತಿ ಇರಲಿಲ್ಲ. ಒಂದು ತಿಂಗಳೂ ಸರಿಯಾಗಿ ಆಗಿರಲಿಲ್ಲ, 1869ರ ಜನವರಿಯಲ್ಲಿ ಗ್ಯಾಸ್ ಸೋರಿ ಸ್ಫೋಟ ಆಯ್ತು. ದೀಪ ನೋಡ್ಕೊಳ್ತಿದ್ದ ಪೊಲೀಸ್ ಗಾಯಗೊಂಡ. ಆ ಪ್ರಯೋಗ ಅಲ್ಲಿಗೇ ನಿಂತುಹೋಯ್ತು. ಲಂಡನ್ ರಸ್ತೆಗೆ ಮತ್ತೆ ಬಣ್ಣದ ಸಿಗ್ನಲ್ ದೀಪ ಬಂದಿದ್ದು 1926ರಲ್ಲಿ, ಪಿಕಡಿಲಿಯಲ್ಲಿ.

3/9
ಮೇಲಿನ ಕಂತಲ್ಲಿ ಒಂದು ವಿಷಯ ಗಮನಿಸಿದ್ರಾ? 1868ರ ಹಸಿರು ದೀಪದ ಅರ್ಥ "ಹೋಗು" ಅಲ್ಲ, "ಎಚ್ಚರಿಕೆ".

ಇದು ರೈಲ್ವೆಯಿಂದ ಬಂದ ರೂಢಿ. ಹಳೇ ರೈಲು ಸಿಗ್ನಲ್‌ನಲ್ಲಿ ಕೆಂಪು ಅಂದ್ರೆ ನಿಲ್ಲು, ಹಸಿರು ಅಂದ್ರೆ ಎಚ್ಚರಿಕೆ, ಬಿಳಿ ಅಂದ್ರೆ ಹೋಗು. ಕೇಳೋಕೆ ಸರಿಯಾಗೇ ಇದೆ. ಆದ್ರೆ ಕೆಂಪು ಗಾಜು ಒಡೆದು ಬಿದ್ರೆ? ಒಳಗಿನ ದೀಪ ಬಿಳಿ ಕಾಣುತ್ತೆ. "ನಿಲ್ಲು" ಅನ್ನಬೇಕಾದ ಸಿಗ್ನಲ್ "ಹೋಗು" ಅನ್ನುತ್ತೆ. ಊರೊಳಗಿನ ಬೇರೆ ಬಿಳಿ ದೀಪಗಳನ್ನೂ ಡ್ರೈವರ್ ಸಿಗ್ನಲ್ ಅಂದ್ಕೊಳ್ಳೋ ಅಪಾಯ ಬೇರೆ. ಹಾಗಾಗಿ ನಿಧಾನವಾಗಿ ಬಿಳಿಯನ್ನ ಬಿಟ್ಟು, ಹಸಿರನ್ನ "ಹೋಗು" ಮಾಡಿದ್ರು, ಎಚ್ಚರಿಕೆಗೆ ಹಳದಿ ತಂದ್ರು.

ಇದರಿಂದ ನಾನು ಕಲಿತದ್ದು ಏನಂದ್ರೆ, ಬಣ್ಣಕ್ಕೆ ತನ್ನದೇ ಅಂತ ಅರ್ಥ ಇಲ್ಲ. ನಾವೆಲ್ಲ ಒಪ್ಕೊಂಡಿದ್ದೇ ಅರ್ಥ. ಒಂದು ನೋಟಿಗೆ ಬೆಲೆ ಬರೋದೂ ಹೀಗೇ ಅಲ್ವಾ? ಎಲ್ಲರೂ ಒಪ್ಪಿದ್ದಾರೆ ಅನ್ನೋ ನಂಬಿಕೆ ಮೇಲೆ. ಅರ್ಧ ಜನ ಒಪ್ಪಲ್ಲ ಅಂದ ದಿನ ನೋಟು ಬರೀ ಕಾಗದ, ಸಿಗ್ನಲ್ ಬರೀ ಬಲ್ಬು.

4/9
ಈಗ ಅಮೆರಿಕ. 1908ರಲ್ಲಿ ಫೋರ್ಡ್ ಮಾಡೆಲ್ ಟಿ ಬಂತು, ಕಾರು ಶ್ರೀಮಂತರ ಆಟಿಕೆಯಾಗಿ ಉಳಿಯಲಿಲ್ಲ. ಒಂದೇ ರಸ್ತೆಯಲ್ಲಿ ಕುದುರೆ, ಟ್ರಾಮು, ಸೈಕಲ್ಲು, ಕಾರು, ಮಕ್ಕಳು ಎಲ್ಲಾ.

1914ರ ಆಗಸ್ಟ್ 5ರಂದು ಕ್ಲೀವ್‌ಲೆಂಡ್ ನಗರದ ಯೂಕ್ಲಿಡ್ ಅವೆನ್ಯೂ ಮತ್ತು ಈಸ್ಟ್ 105ನೇ ಸ್ಟ್ರೀಟ್ ಸೇರೋ ಕಡೆ ವಿದ್ಯುತ್ ಸಿಗ್ನಲ್ ಶುರುವಾಯ್ತು. ಜೇಮ್ಸ್ ಹೋಗ್ ಅನ್ನೋರ ವಿನ್ಯಾಸ. ಬಣ್ಣ ಎರಡೇ, ಕೆಂಪು ಮತ್ತು ಹಸಿರು. ಬಣ್ಣ ಬದಲಾಗೋ ಮುಂಚೆ ಬಜರ್ ಸದ್ದು ಮಾಡ್ತಿತ್ತು. ಪಕ್ಕದ ಗೂಡಲ್ಲಿ ಒಬ್ಬರು ಕೂತು ಸ್ವಿಚ್ ಒತ್ತಬೇಕು.

ಎರಡೇ ಬಣ್ಣದ ತೊಂದರೆ ನಿಮಗೇ ಗೊತ್ತಾಗುತ್ತೆ. ಹಸಿರು ಹೋಗಿ ತಟ್ಟಂತ ಕೆಂಪು ಬಂದ್ರೆ ಅರ್ಧ ದಾರಿಗೆ ಬಂದಿರೋನು ಏನು ಮಾಡಬೇಕು? 1920ರಲ್ಲಿ ಡೆಟ್ರಾಯಿಟ್‌ನ ಪೊಲೀಸ್ ಅಧಿಕಾರಿ ವಿಲಿಯಂ ಪಾಟ್ಸ್ ನಾಲ್ಕೂ ದಿಕ್ಕಿಗೆ ಮೂರು ಬಣ್ಣ ಕೊಟ್ರು. ಇವತ್ತು ನಾವು ನೋಡೋ ಕೆಂಪು, ಹಳದಿ, ಹಸಿರಿನ ಅಜ್ಜ ಅದೇ.

1923ರಲ್ಲಿ ಗ್ಯಾರೆಟ್ ಮೋರ್ಗನ್ ಅನ್ನೋ ಕಪ್ಪು ಜನಾಂಗದ ಸಂಶೋಧಕರಿಗೆ ಇನ್ನೊಂದು ಸಿಗ್ನಲ್ಲಿಗೆ ಪೇಟೆಂಟ್ ಸಿಕ್ತು. ಟಿ ಆಕಾರದ ಕಂಬ, ಕೈಯಿಂದ ತಿರುಗಿಸೋದು. ಅದರಲ್ಲೊಂದು ಸ್ಥಿತಿ ಹೇಗಿತ್ತು ಅಂದ್ರೆ, ನಾಲ್ಕೂ ಕಡೆಯ ಗಾಡಿಗಳು ಏಕಕಾಲಕ್ಕೆ ನಿಲ್ಲಬೇಕು. ಒಂದು ದಿಕ್ಕಿನವರು ಪೂರ್ತಿ ದಾಟೋವರೆಗೂ ಇನ್ನೊಂದು ದಿಕ್ಕಿನವರಿಗೆ ದಾರಿ ಇಲ್ಲ, ಆ ಹೊತ್ತಲ್ಲಿ ಕಾಲ್ನಡಿಗೆಯವರೂ ದಾಟಬಹುದು. "ಹಳದಿ ದೀಪ ಕಂಡುಹಿಡಿದದ್ದು ಮೋರ್ಗನ್" ಅಂತ ನಿಮಗೂ ಫಾರ್ವರ್ಡ್ ಬಂದಿರಬಹುದು. ಪಾಟ್ಸ್ ದೀಪ ಅದಕ್ಕಿಂತ ಮೂರು ವರ್ಷ ಮುಂಚಿನದು. ಮೋರ್ಗನ್ ಅವರ ದೊಡ್ಡತನ ಬೇರೆ: ಎಲ್ಲರೂ ಒಂದು ಕ್ಷಣ ನಿಲ್ಲೋದಕ್ಕೂ ಬೆಲೆ ಇದೆ ಅಂತ ಕಂಡುಕೊಂಡಿದ್ದು.

5/9
ಹಳದಿ ಬಂದ ಮೇಲೆ ಗೊಂದಲ ಮುಗೀತಾ? ಇಲ್ಲ, ಹೊಸದೊಂದು ಶುರುವಾಯ್ತು.

ಹಳದಿ ಬಿದ್ರೆ ನೀವೇನು ಮಾಡ್ತೀರಿ? ನಿಜ ಹೇಳಿ. ನಮ್ಮಲ್ಲಿ ಬಹಳ ಜನಕ್ಕೆ ಹಳದಿ ಅಂದ್ರೆ "ಇನ್ನೂ ಜೋರಾಗಿ ಹೋಗು". ನಿಯಮದ ಪ್ರಕಾರ ಹಳದಿ ಅಂದ್ರೆ ನಿಲ್ಲೋಕೆ ತಯಾರಾಗು. ತೀರಾ ಹತ್ತಿರ ಬಂದಿದ್ದು, ಥಟ್ಟನೆ ನಿಂತ್ರೆ ಅಪಾಯ ಅನ್ನೋ ಹಾಗಿದ್ರೆ ಮಾತ್ರ ದಾಟು.

ಸಣ್ಣ ಲೆಕ್ಕ ಮಾಡೋಣ. ಗಂಟೆಗೆ 36 ಕಿ.ಮೀ. ಅಂದ್ರೆ ಸೆಕೆಂಡಿಗೆ 10 ಮೀಟರ್. ಹಳದಿ 3 ಸೆಕೆಂಡ್ ಇದ್ರೆ ಅಷ್ಟರಲ್ಲಿ ನೀವು ಹೋಗೋದು 30 ಮೀಟರ್. ನಿಲ್ಲೋಕೆ ಜಾಗ ಸಾಲದು, ದಾಟೋಕೆ ಹೊತ್ತು ಸಾಲದು ಅನ್ನೋ ಒಂದು ಪಟ್ಟಿ ರಸ್ತೆಯಲ್ಲಿ ಇರಬಹುದಾ? 1960ರಲ್ಲಿ ಗಾಜಿಸ್, ಹರ್ಮನ್, ಮಾರಾಡುಡಿನ್ ಅನ್ನೋ ಮೂವರು ವಿಜ್ಞಾನಿಗಳು ಇದೇ ಪ್ರಶ್ನೆ ಮೇಲೆ ಪ್ರಬಂಧ ಬರೆದ್ರು. ಹೌದು, ಹಳದಿಯ ಅವಧಿ ಕಮ್ಮಿ ಇಟ್ರೆ ಅಂಥ ಪಟ್ಟಿ ಇರುತ್ತೆ, ಅಲ್ಲಿ ಸಿಕ್ಕವನು ಎಷ್ಟೇ ಪ್ರಾಮಾಣಿಕ ಆಗಿದ್ರೂ ನಿಯಮ ಪಾಲಿಸೋಕೆ ಆಗಲ್ಲ ಅಂತ ಲೆಕ್ಕ ಹಾಕಿ ತೋರಿಸಿದ್ರು.

ಇದು ಯಾಕೆ ಮುಖ್ಯ ಅಂದ್ರೆ, ಗೊಂದಲ ಯಾವಾಗಲೂ ಡ್ರೈವರ್ ತಪ್ಪಲ್ಲ. ಕೆಲವು ಸಲ ದೀಪವನ್ನ ಇಟ್ಟವರ ತಪ್ಪು. ಮರದ ಹಿಂದೆ ಅಡಗಿದ ಬೋರ್ಡು, ಅಳಿಸಿಹೋದ ಸ್ಟಾಪ್ ಲೈನು, ಎಲ್ಲಿಗೆ ಅಂತ ಹೇಳದ ಬಾಣ ಎಲ್ಲಾ ಇದೇ ಸಾಲಿಗೆ ಸೇರುತ್ತೆ.

6/9
ಈಗ ನನ್ನ ಪ್ರಶ್ನೆಗೆ ಬರ್ತೀನಿ. ಕೆಂಪಿದ್ದಾಗಲೂ ಹತ್ತಿರದ ಬದಿಗೆ ತಿರುಗಬಹುದು ಅನ್ನೋ ನಿಯಮ ಅಮೆರಿಕದಲ್ಲಿ ದೇಶ ಪೂರ್ತಿ ಹರಡಿದ್ದು ಹೇಗೆ?

ಅಮೆರಿಕದಲ್ಲಿ ಗಾಡಿ ಓಡೋದು ರಸ್ತೆಯ ಬಲಗಡೆ. ಹಾಗಾಗಿ ನಮ್ಮ "ಲೆಫ್ಟ್" ಅವರಿಗೆ "ರೈಟ್". ನಾವು ಎಡಗಡೆ ಓಡಿಸೋದು ಬ್ರಿಟಿಷರಿಂದ ಬಂದ ಪದ್ಧತಿ, ಅವರು 1835ರ ಹೆದ್ದಾರಿ ಕಾಯ್ದೆಯಲ್ಲೇ ಅದನ್ನ ಬರೆದಿಟ್ಟಿದ್ರು. ಓದುವಾಗ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿಕೊಳ್ಳಿ.

ಕ್ಯಾಲಿಫೋರ್ನಿಯಾದಂಥ ಪಶ್ಚಿಮದ ರಾಜ್ಯಗಳಲ್ಲಿ ಕೆಂಪಲ್ಲಿ ಬಲಕ್ಕೆ ತಿರುಗೋದು ಮುಂಚೆಯೇ ಇತ್ತು. ಪೂರ್ವದ ರಾಜ್ಯಗಳು ಬೇಡ ಅಂತಿದ್ವು. 1973ರಲ್ಲಿ ಅರಬ್ ದೇಶಗಳು ತೈಲ ನಿರ್ಬಂಧ ಹೇರಿದ್ವು. ಪೆಟ್ರೋಲ್ ಬಂಕ್ ಮುಂದೆ ಕಿಲೋಮೀಟರ್‌ಗಟ್ಟಲೆ ಕ್ಯೂ. ಎಲ್ಲೆಲ್ಲಿ ಒಂದು ತೊಟ್ಟು ಉಳಿಸಬಹುದು ಅಂತ ಸರ್ಕಾರ ಹುಡುಕಿತು. ಸಿಗ್ನಲ್‌ನಲ್ಲಿ ಎಂಜಿನ್ ಆನ್ ಇಟ್ಕೊಂಡು ನಿಂತ ಕಾರುಗಳು ಕಣ್ಣಿಗೆ ಬಿದ್ವು.

1975ರ ಡಿಸೆಂಬರ್‌ನಲ್ಲಿ ಇಂಧನ ನೀತಿ ಮತ್ತು ಉಳಿತಾಯ ಕಾಯ್ದೆ ಬಂತು. ಇಂಧನ ಉಳಿತಾಯ ಯೋಜನೆಗೆ ಕೇಂದ್ರದ ಹಣ ಬೇಕಾ? ಹಾಗಿದ್ರೆ ನಿಮ್ಮ ರಾಜ್ಯದಲ್ಲಿ ಕೆಂಪಲ್ಲಿ ಬಲಕ್ಕೆ ತಿರುಗೋಕೆ ಅವಕಾಶ ಕೊಡಿ, ಅನ್ನೋದು ಅದರ ಷರತ್ತುಗಳಲ್ಲಿ ಒಂದು. ಒಂದೊಂದೇ ರಾಜ್ಯ ಒಪ್ಪಿಕೊಳ್ತಾ ಬಂತು. ಮ್ಯಾಸಚೂಸೆಟ್ಸ್ ಕೊನೆಯದು, 1980ರ ಜನವರಿ 1.

ನೋಡಿದ್ರಾ? ರಸ್ತೆ ಸುರಕ್ಷತೆಗೆ ಅಂತ ಮಾಡಿದ್ದಲ್ಲ ಈ ಬದಲಾವಣೆ. ಪೆಟ್ರೋಲ್ ಲೆಕ್ಕಕ್ಕೆ ಮಾಡಿದ್ದು.

7/9
ಬಿಕಾಂ ಹುಡುಗರಿಗೆ ಒಂದು ಪ್ರಶ್ನೆ. ಒಂದು ಕಡೆ ಉಳಿತಾಯ ಬರೆದ ಮೇಲೆ ಇನ್ನೊಂದು ಕಡೆ ಏನಾದ್ರೂ ಬರೀಬೇಕಲ್ವಾ? ಆ ಖರ್ಚು ಯಾರ ಖಾತೆಗೆ ಹೋಯ್ತು?

1980ರ ದಶಕದ ಆರಂಭದಲ್ಲಿ ಅಮೆರಿಕದ ಸಂಶೋಧಕರು ಹೊಸ ನಿಯಮ ಬಂದ ಜಾಗಗಳ ಅಪಘಾತದ ದಾಖಲೆ ತೆಗೆದು ನೋಡಿದ್ರು. ಸಿಗ್ನಲ್‌ನಲ್ಲಿ ಬಲಕ್ಕೆ ತಿರುಗೋ ಗಾಡಿ ಕಾಲ್ನಡಿಗೆಯವರಿಗೆ, ಸೈಕಲ್‌ನವರಿಗೆ ಗುದ್ದೋ ಪ್ರಕರಣ ಹೆಚ್ಚಾಗಿತ್ತು. ಕಾರಣ ಸರಳ. ತಿರುಗೋ ಡ್ರೈವರ್ ಎಡಗಡೆಯಿಂದ ಬರೋ ಗಾಡಿಗಳ ನಡುವೆ ಸಂದು ಹುಡುಕ್ತಾ ಇರ್ತಾನೆ. ಬಲಗಡೆಯಿಂದ ನಡೆದು ಬರೋರು ಅವನ ಕಣ್ಣಿಗೇ ಬೀಳಲ್ಲ.

ಅದನ್ನ ಓದಿದಾಗ ನನಗೆ ಮೈ ಜುಮ್ ಅಂತು. ಕನ್ನಡಿಯಲ್ಲಿ ತಿರುಗಿಸಿ ನೋಡಿ, ಅದು ನಾನೇ. ಆವತ್ತು ನಾನು ನೋಡ್ತಿದ್ದದ್ದು ಬಲಗಡೆಯಿಂದ ಬರ್ತಿದ್ದ ಬಸ್ಸನ್ನ. ಅಜ್ಜಿ ಬಂದಿದ್ದು ಎಡಗಡೆ ಫುಟ್‌ಪಾತ್‌ನಿಂದ.

ನ್ಯೂಯಾರ್ಕ್ ನಗರ ಇವತ್ತಿಗೂ ಇದನ್ನ ಒಪ್ಪಿಲ್ಲ. ಬೋರ್ಡ್ ಇದ್ದ ಕಡೆ ಬಿಟ್ರೆ ಅಲ್ಲಿ ಕೆಂಪಲ್ಲಿ ತಿರುಗುವ ಹಾಗಿಲ್ಲ. ಪೂರ್ವ ಜರ್ಮನಿ 1978ರಲ್ಲಿ ಬೇರೆ ದಾರಿ ಹಿಡೀತು: ಕೆಂಪು ದೀಪದ ಪಕ್ಕ ಹಸಿರು ಬಾಣದ ಫಲಕ ಇದ್ರೆ ಮಾತ್ರ ತಿರುಗಬಹುದು. ದೇಶ ಒಂದಾದ ಮೇಲೆ 1994ರಲ್ಲಿ ಅದು ಇಡೀ ಜರ್ಮನಿಯ ನಿಯಮ ಆಯ್ತು. ಷರತ್ತು ಒಂದಿದೆ, ಮೊದಲು ಗಾಡಿ ಪೂರ್ತಿ ನಿಲ್ಲಬೇಕು. ಅಮೆರಿಕದ ನಿಯಮದಲ್ಲೂ ಅಷ್ಟೇ, ನಿಂತು, ದಾಟೋರಿಗೆ ದಾರಿ ಬಿಟ್ಟು, ಆಮೇಲೆ ತಿರುಗು. "ಫ್ರೀ" ಅನ್ನೋ ಪದ ಅದರಲ್ಲಿ ಎಲ್ಲೂ ಇಲ್ಲ.

8/9
"ಜನಕ್ಕೆ ಅಭ್ಯಾಸ ಆಗಿಬಿಟ್ಟಿದೆ, ಇನ್ನು ಬದಲಾಗಲ್ಲ ಬಿಡು ಗುರು" ಅಂತ ಫ್ರೆಂಡ್ ಒಬ್ಬ ಹೇಳಿದ. ಅವನಿಗೆ ಎರಡು ಉದಾಹರಣೆ ಕೊಟ್ಟೆ.

ಸ್ವೀಡನ್ ನಮ್ಮ ಹಾಗೇ ಎಡಗಡೆ ಓಡಿಸ್ತಿತ್ತು. 1955ರ ಜನಮತದಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಜನ ಬದಲಾವಣೆ ಬೇಡ ಅಂದಿದ್ರು. ಆದ್ರೂ ಸರ್ಕಾರ ವರ್ಷಗಟ್ಟಲೆ ತಯಾರಿ ಮಾಡಿ 1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ 5 ಗಂಟೆಗೆ ಇಡೀ ದೇಶವನ್ನ ಬಲಗಡೆಗೆ ಬದಲಾಯಿಸ್ತು.

ನ್ಯೂಜಿಲೆಂಡ್‌ದು ಇನ್ನೂ ಹತ್ತಿರದ ಕಥೆ. ಅವರೂ ಎಡಗಡೆ ಓಡಿಸೋರು. 1977ರಿಂದ ಅಲ್ಲಿ ಒಂದು ವಿಚಿತ್ರ ನಿಯಮ: ಎಡಕ್ಕೆ ತಿರುಗೋನು, ಎದುರಿಂದ ಬಂದು ಅದೇ ರಸ್ತೆಗೆ ಬಲಕ್ಕೆ ತಿರುಗೋನಿಗೆ ದಾರಿ ಬಿಡಬೇಕು. ತಿರುಗೋನು ಹಿಂದೆ ಯಾರಾದ್ರೂ ನೇರ ಬರ್ತಿದ್ದಾರಾ ಅಂತಲೂ ನೋಡ್ಕೊಂಡು ಊಹೆ ಮಾಡಬೇಕಿತ್ತು. 35 ವರ್ಷ ಹಾಗೇ ನಡೀತು. 2012ರ ಮಾರ್ಚ್ 25ರಂದು, ಅದೂ ಬೆಳಗ್ಗೆ 5 ಗಂಟೆಗೇ, ನಿಯಮ ತಿರುವುಮುರುವಾಯ್ತು. ಮುಂಚೆಯಿಂದ ಪ್ರಚಾರ ಮಾಡಿದ್ರು, ಜನ ಕಲಿತುಕೊಂಡ್ರು.

ಸರಿ, ನಮ್ಮಲ್ಲಿ ಏನಿದೆ? 1988ರ ಮೋಟಾರು ವಾಹನ ಕಾಯ್ದೆ. ಅದರಡಿ 1989ರಲ್ಲಿ ರಸ್ತೆ ನಿಯಮ ಬಂತು, 2017ರಲ್ಲಿ ಅದರ ಜಾಗಕ್ಕೆ ಹೊಸ ಚಾಲನಾ ನಿಯಮಾವಳಿ. ಸೇವ್ ಮಾಡ್ಕೊಳ್ಳಿ:

• ಕೆಂಪು ಅಂದ್ರೆ ಸ್ಟಾಪ್ ಲೈನ್ ಹಿಂದೆ ನಿಲ್ಲು, ಎಡಕ್ಕೆ ಹೋಗೋರೂ ಸೇರಿ. ಬೋರ್ಡ್ ಅಥವಾ ಹಸಿರು ಬಾಣ ಇದ್ರೆ ಮಾತ್ರ ಎಡಕ್ಕೆ ದಾರಿ, ಆಗಲೂ ದಾಟೋರು ಮೊದಲು.
• ಎಡಕ್ಕೆ ತಿರುಗೋದಾದ್ರೆ ಎಡ ಅಂಚಿಗೆ ಇರಿ. ಬಲಕ್ಕೆ ತಿರುಗೋದಾದ್ರೆ ಮುಂಚೆಯೇ ರಸ್ತೆ ಮಧ್ಯಕ್ಕೆ ಬನ್ನಿ. ಎಡ ತುದಿಯಿಂದ ಎಲ್ಲರನ್ನೂ ಅಡ್ಡಹಾಕಿ ಬಲಕ್ಕೆ ಹೋಗೋದು ಸ್ಟೈಲ್ ಅಲ್ಲ.
• ದುಂಡು ಹಸಿರಲ್ಲಿ ಬಲಕ್ಕೆ ತಿರುಗುವಾಗ ಎದುರಿಂದ ನೇರ ಬರೋರಿಗೆ ದಾರಿ ಬಿಡಿ. ಬಲ ಬಾಣ ಹಸಿರಾಗಿದ್ರೆ ಆ ಹೊತ್ತು ನಿಮ್ಮದು.
• ಸಿಗ್ನಲ್ಲೂ ಇಲ್ಲ, ಪೊಲೀಸೂ ಇಲ್ಲ, ಎರಡೂ ಸಮನಾದ ರಸ್ತೆ ಅಂದ್ರೆ ನಿಮ್ಮ ಬಲಗಡೆಯಿಂದ ಬರೋರಿಗೆ ಮೊದಲು ಬಿಡಿ. ದೊಡ್ಡ ಗಾಡಿಗೆ ಮೊದಲು ಅನ್ನೋದು ನಾವೇ ಮಾಡ್ಕೊಂಡ ಕಾನೂನು.
• ಮಿನುಗೋ ಹಳದಿ ಅಂದ್ರೆ ನಿಧಾನಿಸಿ ಹೋಗು. ಮಿನುಗೋ ಕೆಂಪು ಅಂದ್ರೆ ನಿಂತು, ನೋಡಿ, ಆಮೇಲೆ ಹೋಗು.

2019ರ ತಿದ್ದುಪಡಿ ಆದ ಮೇಲೆ 184ನೇ ಕಲಂನಲ್ಲಿ ಕೆಂಪು ದೀಪ ಹಾರಿಸೋದನ್ನ ಅಪಾಯಕಾರಿ ಚಾಲನೆ ಅಂತ ಹೆಸರಿಟ್ಟೇ ಹೇಳಿದೆ. ಮೊದಲ ಸಲಕ್ಕೇ 6 ತಿಂಗಳಿಂದ 1 ವರ್ಷ ಜೈಲು, ಅಥವಾ 1,000ದಿಂದ 5,000 ರೂಪಾಯಿ ದಂಡ, ಅಥವಾ ಎರಡೂ ವಿಧಿಸೋಕೆ ಕಾಯ್ದೆಯಲ್ಲಿ ಅವಕಾಶ ಇದೆ.

9/9
ಇದೆಲ್ಲಾ ಓದಿದ ಮೇಲೆ ಒಂದು ದಿನ ನಡ್ಕೊಂಡು ಆ ಸರ್ಕಲ್‌ಗೆ ಹೋದೆ. ಬೋರ್ಡ್ ಹುಡುಕಿದೆ. ನಾಲ್ಕೂ ಕಂಬ ನೋಡಿದೆ. ಫ್ರೀ ಲೆಫ್ಟ್ ಅಂತ ಎಲ್ಲೂ ಇಲ್ಲ. ನಾವೆಲ್ಲ ಸೇರಿ ಇಷ್ಟು ದಿನ ಇಲ್ಲದ ಬೋರ್ಡನ್ನ ಓದ್ತಾ ಇದ್ವಿ.

ಅಜ್ಜಿ ದೇವಸ್ಥಾನದ ಪಕ್ಕ ಕೂತಿದ್ರು. ಗುರುತು ಹಿಡಿದ್ರು. ಆವತ್ತು ಹೂವಿನ ದುಡ್ಡು ಕೊಡೋಕೆ ಹೋದಾಗ ಬೇಡ ಅಂದಿದ್ರು, ಈಗ ಎರಡು ಮೊಳ ಕೊಡಿ ಅಂದೆ. ಅಳೆದು ಕೊಡ್ತಾ "ಪರೀಕ್ಷೆ ಚೆನ್ನಾಗಾಯ್ತೇನಪ್ಪಾ?" ಅಂತ ಕೇಳಿದ್ರು. ಆವತ್ತು ಗಾಬರಿಯಲ್ಲಿ ಪರೀಕ್ಷೆ ಇದೆ ಅಂತ ನಾನು ಹೇಳಿದ್ದು ಅವರಿಗೆ ನೆನಪಿತ್ತು. ಆಯ್ತು ಅಜ್ಜಿ ಅಂದೆ. ಈಗ ಹೇಗೆ ದಾಟ್ತೀರಿ ಅಂತ ಕೇಳಿದೆ. "ಕೆಂಪು ಬಿದ್ರೂ ಎರಡೂ ಕಡೆ ನೋಡ್ತೀನಿ, ಯಾರಾದ್ರೂ ದೊಡ್ಡೋರು ದಾಟೋವಾಗ ಅವರ ಹಿಂದೆ ಹೋಗ್ತೀನಿ" ಅಂದ್ರು.

1868ರಲ್ಲಿ ಆ ದೀಪ ಹಚ್ಚಿದ್ದು ಅವರಂಥೋರು ಹೆದರದೆ ದಾಟಲಿ ಅಂತ. ನೂರೈವತ್ತಕ್ಕೂ ಹೆಚ್ಚು ವರ್ಷ ಆದ ಮೇಲೆ, ನನ್ನಿಂದಾಗಿ, ಅವರು ದೀಪವನ್ನ ನಂಬೋದು ಬಿಟ್ಟಿದ್ದಾರೆ. ನನಗೆ ಉಳಿದದ್ದು ಹೆಚ್ಚಂದ್ರೆ ಒಂದು ನಿಮಿಷ. ಅವರ ಖಾತೆಯಲ್ಲಿ ಬಿದ್ದ ಖರ್ಚು ಇದು.

ಈಗ ಅಲ್ಲಿ ಕೆಂಪಿದ್ರೆ ನಿಲ್ತೀನಿ. ಹಾರನ್ ಈಗಲೂ ಬರುತ್ತೆ. ಕೈ ಎತ್ತಿ ದೀಪ ತೋರಿಸ್ತೀನಿ, ಅಷ್ಟೇ. ಕೆಲವರು ಬೈತಾರೆ. ಮೊನ್ನೆ ಒಬ್ಬ ಆಟೋ ಅಣ್ಣ ಹಾರನ್ ನಿಲ್ಲಿಸಿ ಎಂಜಿನ್ನೂ ಆಫ್ ಮಾಡಿದ್ರು.

ನಿಮ್ಮೂರಿನ ಸರ್ಕಲ್‌ನಲ್ಲಿ ಫ್ರೀ ಲೆಫ್ಟ್ ಬೋರ್ಡ್ ನಿಜವಾಗಲೂ ಇದೆಯಾ? ನಾಳೆ ಹೋಗುವಾಗ ತಲೆ ಎತ್ತಿ ನೋಡಿ, ಕಮೆಂಟಲ್ಲಿ ಹೇಳಿ. ಇಲ್ಲದಿದ್ರೆ ನಿಲ್ಲಿ. ನಿಮ್ಮ ಕೆಂಪನ್ನ ನಂಬಿ ಯಾರೋ ಕಾಲಿಡ್ತಾ ಇರ್ತಾರೆ.

#ಸಿಗ್ನಲ್‌ಕಥೆ #ಇತಿಹಾಸ #ಕನ್ನಡ